ಕೂಗು ನಿಂತ ಮೇಲೆ

ಅವನು ಬಸ್ ನಿಲ್ದಾಣದ ಮೈಕಿನಲ್ಲಿ ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆಂದು ದಿನವಿಡೀ ಕೂಗುತ್ತಿದ್ದವನು. ಅವನ ಗಂಟಲಿಗೆ ಬೆಂಚಿನ ಮೇಲೆ ತೂಕಡಿಸುತ್ತಿದ್ದವರೂ ಚೀಲ ಎತ್ತಿಕೊಂಡು ಓಡುತ್ತಿದ್ದರು. ಆ ಗಂಟಲಿಗೇ ಕ್ಯಾನ್ಸರ್ ಬಂತು. ಜೀವ ಉಳಿಯಲೆಂದು ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಎಚ್ಚರವಾದವನು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ.

ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಮಂಚದ ಪಕ್ಕದ ಸ್ಟೂಲು ಬಿಟ್ಟು ಏಳಲಿಲ್ಲ. "ನೋವಿದ್ಯೇನೋ? ದಿಂಬು ಸರಿ ಮಾಡ್ಲಾ? ಬರೆದಾದ್ರೂ ತೋರ್ಸೋ" ಎಂದು ಸ್ಲೇಟು ಮುಂದಿಡುತ್ತಿದ್ದಳು. ಅವನು ಬಳಪ ಮುಟ್ಟಲಿಲ್ಲ.

ಆ ವಾರ್ಡಿಗೆ ಒಬ್ಬ ನಿವೃತ್ತ ನರ್ಸು ತಮ್ಮ ಕಂದು ನಾಯಿಯನ್ನು ಕರೆತರುತ್ತಿದ್ದರು. ರೋಗಿಗಳ ಹತ್ತಿರ ಸುಮ್ಮನಿರುವುದೇ ಅದರ ಕೆಲಸ. ಅದರ ಗತ್ತು ನೋಡಿ ಎಲ್ಲರೂ 'ದೊಡ್ಡ ಡಾಕ್ಟ್ರು' ಎನ್ನುತ್ತಿದ್ದರು. ಅಕ್ಕ ಮೂಗು ಮುರಿದಳು.

ನಾಯಿ ಬಂದು ಮಂಚದ ಅಂಚಿಗೆ ಗದ್ದ ಊರಿ ನಿಂತಿತು. ಬಹಳ ಹೊತ್ತಾದ ಮೇಲೆ ತಮ್ಮ ಹೊರಳಿದ. ತುಟಿ ಅಲುಗಿತು, ಸದ್ದು ಬರಲಿಲ್ಲ. ನಾಯಿ ಮಾತ್ರ ಹೆಸರು ಹಿಡಿದು ಕರೆದರೆಂಬಂತೆ ಬಾಲ ಅಲ್ಲಾಡಿಸುತ್ತ ಇನ್ನೂ ಹತ್ತಿರ ಬಂತು. ಅವನು ಅದರ ಕತ್ತು ತಬ್ಬಿಕೊಂಡು, ಆಪರೇಷನ್ ಆದಾಗಿನಿಂದ ಮೊದಲ ಸಲ, ಅತ್ತ. ಹೆಗಲು ಮಾತ್ರ ಕುಲುಕುತ್ತಿತ್ತು.

ಅಕ್ಕನಿಗೆ ಹೊಟ್ಟೆ ಉರಿಯಿತು. ಹೊರಗೆ ಬಂದು ನರ್ಸನ್ನು ಕೇಳಿಯೇಬಿಟ್ಟಳು: "ನಾನಿಷ್ಟು ಬಡ್ಕೊಂಡ್ರೂ ನನ್ನ ಕಡೆ ತಿರುಗ್ಲಿಲ್ಲ. ಅದೇನು ಮಾಡ್ತು ಅಂತ?"

"ಏನೂ ಮಾಡ್ಲಿಲ್ಲಮ್ಮ," ಎಂದರು ನರ್ಸು. "ಅದಕ್ಕೆ ಉತ್ತರ ಬೇಕಿಲ್ಲ. ನಾವು ಕೇಳ್ತಾನೇ ಇರ್ತೀವಿ. ಪಾಪ, ಅವರು ಎಲ್ಲಿಂದ ಹೇಳ್ಬೇಕು?"

ಅಂದಿನಿಂದ ಅಕ್ಕ ಬಾಯಿ ಬಿಗಿಹಿಡಿದು ಅವನ ಪಾದ ಒತ್ತುತ್ತ ಕೂತಳು. ನಾಯಿ ಬರುವ ದಿನ ಅವನು ತಾನೇ ಎದ್ದು ತಲೆ ಬಾಚಿಕೊಳ್ಳತೊಡಗಿದ. ಒಮ್ಮೆ ಸ್ಲೇಟು ಎಳೆದುಕೊಂಡು ಬರೆದ: "ನೀನೂ ಮುಟ್ಟು ಅಕ್ಕಾ. ನಿನ್ನಷ್ಟು ಕಚ್ಚಲ್ಲ." ಅಕ್ಕ ನಗುತ್ತಲೇ ಕಣ್ಣೊರೆಸಿಕೊಂಡಳು.

ಆದರೆ ರೋಗ ಶ್ವಾಸಕೋಶಕ್ಕೆ ಇಳಿದಿತ್ತು. ಡಾಕ್ಟರು ಕೈಚೆಲ್ಲಿದರು. ಒಂದು ಮಧ್ಯಾಹ್ನ, ಒಂದು ಕೈ ಅಕ್ಕನ ಅಂಗೈಯಲ್ಲಿ, ಇನ್ನೊಂದು ನಾಯಿಯ ಬೆನ್ನ ಮೇಲೆ ಇಟ್ಟುಕೊಂಡೇ ಅವನು ಹೋದ.

ಮುಂದಿನ ವಾರ, ವಾರ್ಡಿನಲ್ಲಿ ಉಳಿದಿದ್ದ ಅವನ ಬಟ್ಟೆಬರೆ ಒಯ್ಯಲು ಅಕ್ಕ ಬಂದಳು. ಅದೇ ಮಂಚದ ಮೇಲೆ ಬೇರೊಬ್ಬ ಮುದುಕ. ನಾಯಿ ಅವನ ಪಕ್ಕದಲ್ಲಿತ್ತು.

"ಇಷ್ಟು ಬೇಗ ಮರ್ತುಬಿಡ್ತಾ?" ಅವಳು ನರ್ಸನ್ನು ಕೇಳಿದಳು.

"ಗೊತ್ತಿಲ್ಲಮ್ಮ. ಅವತ್ತಿಂದ ಸರಿಯಾಗಿ ತಿಂತಿಲ್ಲ. ಆದ್ರೂ ಬೆಳಿಗ್ಗೆ ಅದರ ಕತ್ತಿನ ಬೆಲ್ಟ್ ಕೈಗೆ ತಗೊಂಡ್ರೆ ಬಾಗಿಲಿಗೆ ಬಂದು ನಿಲ್ಲುತ್ತೆ."

ಅಕ್ಕ ಹೊರಗಿನ ಮೆಟ್ಟಿಲ ಮೇಲೆ ಕುಸಿದಳು. ನೆಂಟರ ಮುಂದೆಲ್ಲ ತಡೆದುಕೊಂಡಿದ್ದ ದುಃಖ ಕಟ್ಟೆಯೊಡೆಯಿತು. ಸ್ವಲ್ಪ ಹೊತ್ತಿಗೆ ನಾಯಿ ಹೊರಬಂದು ಅವಳಿಗೆ ಒತ್ತಿ ಕುಳಿತುಕೊಂಡಿತು. ನರ್ಸು ಅದನ್ನು ಒಳಗೆ ಕರೆಯಲು ಅವಸರ ಮಾಡಲಿಲ್ಲ.