ಒಂದು ಹಿಡಿ ಕಾರ್ಡು

ಅಮ್ಮನಿಗೆ ಸ್ವಂತ ತೀರ್ಮಾನ ಅನ್ನುವುದೊಂದು ಇರಲಿಲ್ಲ. ಗೋಡೆಗೆ ಬಣ್ಣ ಹೊಡೆಸಬೇಕೆ, ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಡಬೇಕೆ, ಎಲ್ಲಕ್ಕೂ ವಾಗ್ದಾನದ ಪೆಟ್ಟಿಗೆಯೇ ಗತಿ. ಅಂಗೈಯಗಲದ ರಟ್ಟಿನ ಪೆಟ್ಟಿಗೆ. ಒಳಗೆ ಒಂದೊಂದು ಬೈಬಲ್ ವಚನ ಅಚ್ಚಾದ ಪುಟ್ಟ ಕಾರ್ಡುಗಳು. ಪ್ರಾರ್ಥನೆ ಮಾಡಿ, ಕಣ್ಣು ಮುಚ್ಚಿ ಒಂದನ್ನು ಎಳೆಯುವಳು. ಬಂದದ್ದೇ ದೇವರ ಮಾತು. ಅಮ್ಮ ಸೀನುವುದಕ್ಕೂ ಪೆಟ್ಟಿಗೆಯನ್ನು ಕೇಳುತ್ತಾಳೆ ಎಂದು ಮಗ ಆಡಿಕೊಳ್ಳುತ್ತಿದ್ದ. ಗಂಡ ಸತ್ತ ಮೇಲೆ ಇಬ್ಬರು ಮಕ್ಕಳನ್ನು ದಡ ಸೇರಿಸಿದ್ದು ಅದೇ ಎಂದು ಅವಳು ನಂಬಿದ್ದಳು.

ಹಳೆಯ ಕಾರ್ಡುಗಳು ಬೆರಳಿನ ಜಿಡ್ಡಿಗೆ ಮಾಸಿದಾಗ ಹೊಸ ಪೆಟ್ಟಿಗೆ ತಂದುಕೊಟ್ಟವಳು ಮಗಳು. ಅಂಥ ಕಾರ್ಡು ಅಚ್ಚು ಹಾಕುವ ಪ್ರೆಸ್ಸಿನಲ್ಲೇ ಅವಳ ಕೆಲಸ, ಕತ್ತರಿಸುವ ಯಂತ್ರದ ಮುಂದೆ. ಹಾಳೆಗಳ ಕಟ್ಟನ್ನು ಒಟ್ಟಿಗೆ ಕತ್ತರಿಸಿದರೆ ಒಂದೊಂದು ವಚನದ್ದೂ ಒಂದೊಂದು ಅಡಕಲು ಆಗುತ್ತದೆ. ಪ್ರತಿ ಅಡಕಲಿನಿಂದ ಒಂದೊಂದೇ ಕಾರ್ಡು ತೆಗೆದು ಪೆಟ್ಟಿಗೆ ತುಂಬಬೇಕು. ಅಮ್ಮನ ಪೆಟ್ಟಿಗೆಯನ್ನು ಅವಳು ಮನೆಗೆ ಹೊರಡುವ ಗಡಿಬಿಡಿಯಲ್ಲಿ ತುಂಬಿದಳು. ಕಾರ್ಡುಗಳು ಒಳಗೆ ಸಡಿಲವಾಗಿ ಅಲುಗಾಡಿದವು. ಕೈಗೆ ಹತ್ತಿರವಿದ್ದ ಅಡಕಲಿನಿಂದ ಒಂದು ಹಿಡಿ ಎತ್ತಿ ತುರುಕಿ ಮುಚ್ಚಳ ಹಾಕಿದಳು. ಯಾವ ವಚನ ಎಂದು ನೋಡಲಿಲ್ಲ.

ಅವಳ ತಮ್ಮನನ್ನು ಬೀದಿಯವರೆಲ್ಲ 'ಸಿಳ್ಳೆ' ಎನ್ನುತ್ತಿದ್ದರು. ಮೆಟ್ಟಿಲು ಹತ್ತುವಾಗ ಅವನಿಗಿಂತ ಮೊದಲು ಅವನ ಸಿಳ್ಳೆ ಮನೆಗೆ ಬರುತ್ತಿತ್ತು. ಒಂದು ಸಂಜೆ ಸಿಳ್ಳೆ ಬರಲಿಲ್ಲ. ಹೊಟ್ಟೆ ಹಿಡಿದುಕೊಂಡು ಅವನು ಬಂದ. ಪಕ್ಕದ ಬೀದಿಯ ಡಾಕ್ಟರು ಒತ್ತಿ ನೋಡಿ, ಅಪೆಂಡಿಕ್ಸ್, ಈಗಲೇ ದೊಡ್ಡಾಸ್ಪತ್ರೆಗೆ ಹೋಗಿ, ಇವತ್ತೇ ಆಪರೇಷನ್ ಆಗಬೇಕು ಎಂದರು. ಅಮ್ಮ ಅವನನ್ನು ಮನೆಗೆ ಕರೆತಂದು ಪೆಟ್ಟಿಗೆ ತೆರೆದಳು.

ಕರ್ತನಿಗಾಗಿ ಕಾದಿರು ಎಂದಿತ್ತು. ಇನ್ನೊಂದು ಎಳೆದಳು. ಅದೇ. ಮೂರನೆಯದೂ ಅದೇ.

"ಅಮ್ಮ, ನಿನ್ನ ದೇವರಿಗೆ ಬೇರೆ ಮಾತೇ ಬರಲ್ವಾ?" ಎಂದು ಸಿಳ್ಳೆ ಮಂಚದ ಮೇಲಿಂದ ನಗಲು ಹೋಗಿ ನೋವಿಗೆ ಮುದುಡಿದ.

ಅಕ್ಕ ಏನನ್ನೂ ಮುಚ್ಚಿಡಲಿಲ್ಲ. ಗಡಿಬಿಡಿಯಲ್ಲಿ ಒಂದೇ ಅಡಕಲಿನಿಂದ ತುರುಕಿದ್ದನ್ನು ಹೇಳಿ, ಪೆಟ್ಟಿಗೆಯನ್ನು ಹಾಸಿಗೆಯ ಮೇಲೆ ಸುರಿದು, ಆ ವಚನದ ಕಾರ್ಡುಗಳನ್ನು ಬೇರೆ ಮಾಡಿ ತೋರಿಸಿದಳು. ಇಪ್ಪತ್ತಾರು ಇದ್ದವು.

"ಇದು ದೇವರು ಹೇಳಿದ್ದಲ್ಲಮ್ಮ. ನನ್ನ ಕೈ ಮಾಡಿದ್ದು."

ಅಮ್ಮ ಕೋಪಿಸಿಕೊಳ್ಳಲಿಲ್ಲ. ಕಾರ್ಡುಗಳನ್ನು ಮೆಲ್ಲಗೆ ಜೋಡಿಸಿ ಪೆಟ್ಟಿಗೆಯಲ್ಲಿಟ್ಟಳು. "ಅಷ್ಟೊಂದು ಅಡಕಲು ಇತ್ತಲ್ಲೇ. ನಿನ್ನ ಕೈನ ಇದರ ಮೇಲೇ ಇಡಿಸಿದ್ದು ಯಾರು?"

ಮಗಳು ಗಾಡಿ ಕರೆಯುತ್ತೇನೆಂದು ಎದ್ದಳು. ಅಷ್ಟರಲ್ಲಿ ತಮ್ಮನೇ ನೋವು ಇಳಿಯಿತು ಎಂದ. ನಿಜವಾಗಿಯೂ ಇಳಿದಿತ್ತು, ಮುಖ ತಿಳಿಯಾಗಿತ್ತು.

"ಬಿಡಕ್ಕ, ಬೆಳಗ್ಗೆ ಹೋದ್ರಾಯ್ತು. ಅಮ್ಮನ ಜೊತೆ ಯಾಕೆ ಗುದ್ದಾಡ್ತೀಯಾ."

ಅಮ್ಮ ಮೊಣಕಾಲೂರಿ ಸ್ತೋತ್ರ ಹೇಳಿದಳು. ಮಗಳೂ ಪಕ್ಕದಲ್ಲಿ ಮೊಣಕಾಲೂರಿದಳು. ಅವಳಿಗೂ ಹಾಯೆನಿಸಿತ್ತು.

ಒಳಗೆ ಅಪೆಂಡಿಕ್ಸ್ ಒಡೆದದ್ದರಿಂದಲೇ ನೋವು ಇಳಿದಿತ್ತು ಎಂದು ಆಸ್ಪತ್ರೆಯವರು ಆಮೇಲೆ ಹೇಳಿದರು. ಅಷ್ಟು ಹೊತ್ತಿಗೆ ಮೈಯೆಲ್ಲ ನಂಜಾಗಿತ್ತು. ದೇವರ ಗಡಿಯಾರ ನಮಗೆ ಕಾಣುವುದಿಲ್ಲ ಎಂದು ಸಮಾಧಿಯ ಬಳಿ ಪಾಸ್ಟರು ಹೇಳಿದಾಗ ಅಮ್ಮ ತಲೆಯಾಡಿಸಿದಳು.

ಈಗಲೂ ಅಡಕಲುಗಳ ಮುಂದೆ ಮಗಳ ಕೈ ನಿಂತುಬಿಡುತ್ತದೆ, ಯಾರೋ ಮಣಿಕಟ್ಟು ಹಿಡಿದ ಹಾಗೆ. ಅಂದು ಯಾರೂ ಹಿಡಿದಿರಲಿಲ್ಲವಾದರೆ ತಮ್ಮನನ್ನು ಕೊಂದದ್ದು ತನ್ನ ಗಡಿಬಿಡಿ. ಹಿಡಿದಿದ್ದರೆ, ಹಿಡಿದವನ ಮುಂದೆ ಭಾನುವಾರ ಮೊಣಕಾಲೂರುವುದು ಹೇಗೆ? ಸಂಜೆ ಮೆಟ್ಟಿಲಿನಲ್ಲಿ ಸಿಳ್ಳೆ ಕೇಳಿಸುತ್ತದೆ. ಅಮ್ಮನಿಗೂ ಕೇಳಿಸುತ್ತದೆ. ಇಬ್ಬರೂ ಒಟ್ಟಿಗೆ ಬಾಗಿಲ ಕಡೆ ತಿರುಗುತ್ತಾರೆ.

ಒಂದು ಬೆಳಗ್ಗೆ ಪೆಟ್ಟಿಗೆಯೊಳಗೆ ಕಾರ್ಡುಗಳು ಮತ್ತೆ ಸಡಿಲವಾಗಿ ಅಲುಗಾಡಿದವು. ಆ ವಚನದ್ದನ್ನೆಲ್ಲ ಅಮ್ಮ ಆರಿಸಿ ಒಲೆಗೆ ಹಾಕಿದ್ದಳು. ಬೂದಿ ಇನ್ನೂ ಬಿಸಿಯಿತ್ತು.

ಆ ಮನೆಯಲ್ಲಿ ಹೋದದ್ದು ಇಷ್ಟು: ಕಾರ್ಡು ಇಪ್ಪತ್ತಾರು, ಮಗ ಒಬ್ಬ.