ಶಾಲು ಹೊದಿಸುವ ಹಕ್ಕು

೧೯೯೮ರ ಮೇ ತಿಂಗಳಲ್ಲಿ ಸಿಡ್ನಿಯ ಪ್ಯಾರಮಟ್ಟಾದ ಕನ್ನಡ ಬಳಗದ ಮುಂದೆ ಅತ್ಯಂತ ಗಂಭೀರವಾದ ಪ್ರಶ್ನೆಯೊಂದು ಎದ್ದು ನಿಂತಿತ್ತು: ಆಂಟಿ ಮೇವಿಸ್‌ಗೆ ಶಾಲು ಯಾರು ಹೊದಿಸಬೇಕು?

ಮೇವಿಸ್ ಆ ನೆಲದ ಮೂಲನಿವಾಸಿಗಳ ಹಿರಿಯಾಕೆ. ಆರು ವರ್ಷದವರಿದ್ದಾಗ, ಮೂಲನಿವಾಸಿ ಮಕ್ಕಳನ್ನು ಬಿಳಿಯರ ರೀತಿಯಲ್ಲಿ ಬೆಳೆಸಲೆಂದು, ಸರ್ಕಾರದ ಕಾರೊಂದು ಬಂದು ಅವರನ್ನು ತಾಯಿಯಿಂದ ಕಿತ್ತುಕೊಂಡು ಹೋಗಿತ್ತು. ಅಂಥ ಮಕ್ಕಳ ಕ್ಷಮೆ ಕೋರುವ ಪುಸ್ತಕಕ್ಕೆ ಊರೂರಲ್ಲಿ ಜನ ಸಹಿ ಹಾಕುತ್ತಿದ್ದ ಕಾಲ. ನಾವೂ ಹಾಕೋಣವೆಂದು ಬಳಗ ತೀರ್ಮಾನಿಸಿ, ಆಮಂತ್ರಣದಲ್ಲಿ ಮೇವಿಸ್‌ರನ್ನು ‘ಮುಖ್ಯ ಅತಿಥಿ’ ಎಂದು ಅಚ್ಚು ಹಾಕಿಸಿತ್ತು.

ಅವರನ್ನು ಬರಲು ಒಪ್ಪಿಸಿದವರು ಉಡುಪಿ ಕಡೆಯ ಮೋಹನದಾಸ. ಲೈಬ್ರರಿಯಲ್ಲಿ ಪ್ರತಿ ಮಂಗಳವಾರ ಸಂಜೆ ಮೇವಿಸ್‌ರಂಥ ಮೂಲನಿವಾಸಿಗಳ ಜೊತೆ ನಡೆಯುವ ಸಾಮರಸ್ಯ ಸಭೆಗೆ ಎರಡು ವರ್ಷದಿಂದ ಹೋಗಿ, ಕುರ್ಚಿ ಹಾಕಿ, ಟೀ ಕಪ್ ತೊಳೆದು ಬರುತ್ತಿದ್ದರು. ಮೇವಿಸ್ ಮೋಹನದಾಸರನ್ನು ಸಲಿಗೆಯಿಂದ ‘ದಾಸ್’ ಎಂದು ಕರೆದದ್ದನ್ನು ಬಳಗದ ಅಧ್ಯಕ್ಷ ಚಂದ್ರಮೋಹನ್ ಒಮ್ಮೆ ಕಿವಿಯಾರೆ ಕೇಳಿದ್ದರು. ಅಂದಿನಿಂದ ಅವರಿಗೆ ಊಟ ಸೇರುತ್ತಿರಲಿಲ್ಲ.

“ಮೈಸೂರ್ ಸಿಲ್ಕ್ ಶಾಲು, ಬೆಂಗಳೂರಿಂದ ತಂದಿದ್ದು ನಾನು. ಅವನು ಹೊದಿಸ್ತಾನೆ, ನಾನು ಪಕ್ಕದಲ್ಲಿ ಹಣ್ಣಿನ ತಟ್ಟೆ ಹಿಡ್ಕೊಂಡು ನಿಂತಿರಬೇಕಾ?” ಎಂದು ಮನೆಯಲ್ಲಿ ಹಾರಾಡಿದರು.

“ಒಂದು ಮಂಗಳವಾರನಾದ್ರೂ ಹೋಗಿದ್ದೀರೇನ್ರೀ?” ಎಂದರು ಹೆಂಡತಿ ಜಾನಕಿ.

“ಮಂಗಳವಾರ ಟೆನಿಸ್ ಇರತ್ತಲ್ಲ!”

ಮೋಹನದಾಸರನ್ನು ಕೇಳಿದರೆ, “ನೀವೇ ಹೊದಿಸಿ ಮಾರಾಯ್ರೆ, ನನಗೆ ಕುರ್ಚಿ ಜೋಡಿಸ್ಲಿಕ್ಕುಂಟು” ಎಂದುಬಿಟ್ಟರು. ಇದು ಚಂದ್ರಮೋಹನರನ್ನು ಇನ್ನಷ್ಟು ಉರಿಸಿತು. ಜಗಳವಾಡಿದ್ದರೆ ಗೆದ್ದ ಸುಖವಾದರೂ ಸಿಗುತ್ತಿತ್ತು.

ಭಾನುವಾರ ಎಲ್ಲರ ಸಹಿಯೂ ಆಯಿತು. ಅತಿಥಿಗೆ ಶಾಲು ಹೊದಿಸುವುದು ನಮ್ಮಲ್ಲಿ ಎಂಥ ಹಿರಿಯ ಪದ್ಧತಿ ಎಂದು ಹತ್ತು ನಿಮಿಷ ಇಂಗ್ಲಿಷಿನಲ್ಲಿ ವಿವರಿಸಿದ ಚಂದ್ರಮೋಹನ್ ಮೇವಿಸ್‌ಗೆ ಶಾಲು ಹೊದಿಸಿದರು. ಫೋಟೋ ಸರಿಯಾಗಿ ಬರಲಿ ಎಂದು ಇನ್ನೊಮ್ಮೆ ಹೊದಿಸಿದರು.

ಮೇವಿಸ್ ಮೈಕಿನ ಮುಂದೆ ಬಂದರು. “ಶಾಲು ಚೆನ್ನಾಗಿದೆ. ಆದ್ರೆ ನಾನು ಅತಿಥಿ ಅಲ್ಲ. ಇದು ನಮ್ಮೂರು. ಅತಿಥಿಗಳು ನೀವು.”

ಆಮಂತ್ರಣ ಬರೆದವರು ನೆಲ ನೋಡಿದರು. ಮೇವಿಸ್ ಶಾಲು ತೆಗೆದು ಕೈಯಲ್ಲಿ ಹಿಡಿದರು. ಚಂದ್ರಮೋಹನ್ ಟೈ ಸರಿಮಾಡಿಕೊಂಡು ವಿನಯದಿಂದ ತಲೆ ಬಾಗಿಸಿ ಕಾದರು. ಅವರನ್ನು ದಾಟಿದ ಮೇವಿಸ್ ಮೆಟ್ಟಿಲಿಳಿದು, ಸಭಾಂಗಣದ ಕೊನೆಯಲ್ಲಿ ಖಾಲಿ ಕುರ್ಚಿ ಮಡಚುತ್ತಿದ್ದ ಮೋಹನದಾಸರ ಹೆಗಲಿಗೆ ಅದನ್ನು ಹೊದಿಸಿದರು. ಚಪ್ಪಾಳೆ ಶುರುಮಾಡಿದವರು ಜಾನಕಿ.

ಮುಂದಿನ ಮಂಗಳವಾರ ಚಂದ್ರಮೋಹನ್ ಟೆನಿಸ್‌ಗೆ ಹೋಗಲಿಲ್ಲ. ಏಳು ಗಂಟೆಯ ಸಭೆಗೆ ಆರಕ್ಕೇ ಹೋಗಿ, ಮೋಹನದಾಸರು ಬರುವಷ್ಟರಲ್ಲಿ ಕುರ್ಚಿಗಳನ್ನೆಲ್ಲ ತಾವೇ ಹಾಕಿ ಮುಗಿಸಿದ್ದರು.