ಸಡಿಲ ಬಿಟ್ಟ ಹಲಗೆ

ಬಾಯ್ಲರಿನ ನೀರಿನ ಒತ್ತಡ ತೋರಿಸುವ ಮುಳ್ಳು ಸೊನ್ನೆಗೆ ಬಿದ್ದರೆ ನಮ್ಮ ಮನೆ ತಣ್ಣಗಾಗುತ್ತದೆ. ಗ್ರೀನಕ್ ಊರಿನ ನವೆಂಬರಿನಲ್ಲಿ ತಣ್ಣಗಿನ ಮನೆಯಲ್ಲಿ ಹದಿನೈದರ ಹುಡುಗಿ ಯಾಕೆ ಇರುತ್ತಾಳೆ? ಅಪ್ಪನ ಹೊಸ ಫ್ಲ್ಯಾಟಿಗೆ ಹೋಗುತ್ತಾಳೆ. ಹೀಟಿಂಗ್ ಸರಿಹೋಗುವ ತನಕ ಅಷ್ಟೇ ಎಂದು ಹೇಳಿಯೇ ನನ್ನ ಮಗಳು ಏಲಿ ಹೋದಳು. ಆಮೇಲೆ ಬಂದಾಗಲೆಲ್ಲ ಒಂದಿಷ್ಟು ಒಯ್ದಳು. ಮೊದಲು ಪುಸ್ತಕ, ಆಮೇಲೆ ದಿಂಬು, ಹೋದ ಭಾನುವಾರ ಗೋಡೆಯ ಮೇಲಿನ ಚಿತ್ರಗಳು. ಗೋಡೆಗೆ ಅಂಟಿನ ಗುರುತು ಉಳಿಯಿತು.

ನೀರು ಎಲ್ಲಿ ಹೋಗುತ್ತಿದೆ ಎಂದು ನಾನು ಕಂಡುಹಿಡಿಯಲೇಬೇಕಿತ್ತು.

ವೃದ್ಧಾಶ್ರಮದ ಪಾಳಿ ಮುಗಿಸಿ ಬಂದು, ಕೋಟು ಬಿಚ್ಚುವ ಮೊದಲೇ ಬಾಯ್ಲರಿನ ಕೆಳಗಿನ ನಲ್ಲಿ ತಿರುಗಿಸಿ ನೀರು ತುಂಬಿಸುವುದು ರೂಢಿಯಾಗಿತ್ತು. ಮುಳ್ಳು ಏರುತ್ತಿತ್ತು, ಬಿಸಿನೀರು ಹರಿದು ಕೋಣೆಕೋಣೆಯ ರೇಡಿಯೇಟರುಗಳು ಬೆಚ್ಚಗಾಗುತ್ತಿದ್ದವು, ಬೆಳಗಾಗುವುದರೊಳಗೆ ಮತ್ತೆ ಎಲ್ಲ ಇಳಿದಿರುತ್ತಿತ್ತು. ಹಡಗು ಕಟ್ಟೆಯಲ್ಲಿ ಪೈಪು ಜೋಡಿಸಿ ನಿವೃತ್ತರಾದ ಎದುರು ಮನೆಯ ಆರ್ಚಿ ಇದನ್ನು ಕೇಳಿ ಬೈದರು. ದಿನಾ ಹೊಸ ನೀರು ಬಿಟ್ಟರೆ ಒಳಗೆಲ್ಲ ತುಕ್ಕು ಹಿಡಿಯುತ್ತದಂತೆ.

ಅವರು ಹೇಳಿಕೊಟ್ಟಂತೆ ಪ್ರತಿ ರೇಡಿಯೇಟರಿನ ವಾಲ್ವಿನ ಕೆಳಗೂ ಒರೆಸುವ ಕಾಗದ ಹಾಸಿದೆ. ಒಂದೂ ಒದ್ದೆಯಾಗಲಿಲ್ಲ. ಒತ್ತಡ ಹೆಚ್ಚಾದರೆ ನೀರು ಹೊರಬೀಳುವ ತಾಮ್ರದ ಕೊಳವೆ ಅಡಿಗೆಮನೆಯ ಕಿಟಕಿಯ ಪಕ್ಕದಲ್ಲೇ ಇದೆ. ಕೈ ಚಾಚಿ ಅದರ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದೆ. ಚೀಲದಲ್ಲಿ ಹನಿಯೂ ಇರಲಿಲ್ಲ. ಕೆಳಮನೆಯ ಮಿಸೆಸ್ ಗಿಲ್‌ಕ್ರಿಸ್ಟ್ ತಮ್ಮ ಚಾವಣಿಯಲ್ಲಿ ಕಲೆಯೇ ಇಲ್ಲ, ಬೇಕಾದರೆ ನೋಡು ಎಂದು ಒಳಗೆ ಕರೆದು, ಎರಡು ಬಿಸ್ಕತ್ತು ಕೈಗಿತ್ತರು. ಕಲೆ ಇರಲಿಲ್ಲ. ಆ ವಾರ ಯಾರ ಜೊತೆಗಾದರೂ ಕೂತು ನಾನು ತಿಂದದ್ದು ಆ ಎರಡು ಬಿಸ್ಕತ್ತು ಮಾತ್ರ.

ಕೊನೆಗೆ ಬಾಯ್ಲರಿನಿಂದ ಮನೆಯೊಳಕ್ಕೆ ಹೋಗುವ ಪೈಪುಗಳ ವಾಲ್ವು ಮುಚ್ಚಿ ಮಲಗಿದೆ. ಬೆಳಿಗ್ಗೆ ಮುಳ್ಳು ಇಟ್ಟಲ್ಲೇ ಇತ್ತು. ವಾಲ್ವು ತೆರೆದದ್ದೇ ತಡ, ರಾತ್ರಿ ಬರಿದಾಗಿದ್ದ ಪೈಪುಗಳಿಗೆ ನೀರು ನುಗ್ಗಿ ಸರ್ರನೆ ಬಿತ್ತು.

"ಬಾಯ್ಲರದ್ದೇನೂ ತಪ್ಪಿಲ್ಲ," ಎಂದರು ಆರ್ಚಿ. "ನಿನ್ನ ನೆಲ ಕುಡೀತಾ ಇದೆ. ಈಚೆಗೆ ಯಾರಾದ್ರೂ ಮೊಳೆ ಗಿಳೆ ಹೊಡೆದಿದ್ರೇನಮ್ಮ?"

ಇಲ್ಲ ಎನ್ನುವಷ್ಟರಲ್ಲಿ ನೆನಪಾಯಿತು. ಏಲಿಯ ಕೋಣೆಯ ಮುಂದಿನ ಹಲಗೆ ನಾವು ಈ ಮನೆ ಕೊಂಡಾಗಿನಿಂದ ಕಿರ್ರೆನ್ನುತ್ತಿತ್ತು. ಅವಳು ನಡುರಾತ್ರಿ ನೀರು ಕುಡಿಯಲು ಎದ್ದರೂ ನನಗೆ ಎಚ್ಚರವಾಗುತ್ತಿತ್ತು. ಗಂಡ ಫ್ರೇಜರ್ ನಾಳೆ ನಾಳೆ ಎಂದು ವರ್ಷಗಟ್ಟಲೆ ದೂಡಿ, ಈ ಬೇಸಿಗೆಯಲ್ಲಿ, ನನ್ನನ್ನು ಬಿಟ್ಟುಹೋಗುವ ಹಿಂದಿನ ವಾರ, ಕಾರ್ಪೆಟ್ ಎತ್ತಿ ಅದಕ್ಕೊಂದು ಮೊಳೆ ಜಡಿದಿದ್ದ. ಮನೆಯ ಮೇಲೆ ಮತ್ತೆ ಮನಸ್ಸು ಬಂತಲ್ಲ ಎಂದು ನಾನು ಖುಷಿಯಿಂದ ಚಹಾ ಮಾಡಿ ಕೊಟ್ಟಿದ್ದೆ.

ಆರ್ಚಿ ಮಂಡಿಯೂರಿ ಕಾರ್ಪೆಟ್ ಸುತ್ತಿದರು. ಕಪ್ಪಗಾದ ಹಳೆಯ ಮೊಳೆಗಳ ನಡುವೆ ಹೊಸದೊಂದು ಹೊಳೆಯುತ್ತಿತ್ತು.

"ಈ ಹಲಗೆ ಸದ್ದು ಮಾಡೋದೇ ಅದಕ್ಕೆ ಕಣಮ್ಮ. ಕೆಳಗೆ ಪೈಪಿದೆ, ಬೇಕಾದಾಗ ಎತ್ತೋಕಿರಲಿ ಅಂತ ಸಡಿಲ ಬಿಟ್ಟಿದ್ದಾರೆ. ನಿನ್ನ ಯಜಮಾನ ಜನ್ಮಕ್ಕೊಂದು ಕೆಲಸ ಮಾಡಿದ, ಅದನ್ನೂ ಪೈಪಿನ ನೆತ್ತಿಗೇ ಮಾಡಿದ."

ಮೊಳೆಯೇ ತೂತಿಗೆ ಬಿರಡೆಯಾಗಿ ನಿಂತು, ಚಳಿಗೆ ಹೀಟಿಂಗ್ ಹಾಕಿದ ಮೇಲೆ ಸ್ವಲ್ಪಸ್ವಲ್ಪವೇ ಜಿನುಗಲು ಬಿಟ್ಟಿತ್ತು. ಸದ್ದು ಕೆಳಮನೆಗೆ ಹೋಗದಿರಲೆಂದು ಹಿಂದಿನವರು ನೆಲದಡಿ ತುಂಬಿದ್ದ ಬೂದಿ ಆ ನೀರನ್ನೆಲ್ಲ ಹೀರಿಕೊಂಡು ಕೆಸರಾಗಿತ್ತು. ಆರ್ಚಿ ನೀರೆಲ್ಲ ಬಸಿದ ಮೇಲೆಯೇ ಮೊಳೆ ಕಿತ್ತು, ಆ ತುಂಡು ಕತ್ತರಿಸಿ ಹೊಸ ಪೈಪು ಬೆಸೆದರು. ಹಲಗೆಯನ್ನು ಸದ್ದಾಗದ ಹಾಗೆ ಪಕ್ಕದಲ್ಲಿ ಸ್ಕ್ರೂ ಹಾಕಿ ಕೂರಿಸಲೇ ಎಂದು ಕೇಳಿದರು.

"ಬೇಡ. ಹಾಗೇ ಇರ್ಲಿ ಬಿಡಿ," ಎಂದೆ.

ಮುಳ್ಳು ನಿಂತಿತು. ವಾರವಿಡೀ ಕದಲಲಿಲ್ಲ. ಅದರ ಫೋಟೋ ತೆಗೆದು ಏಲಿಗೆ ಕಳಿಸಿದೆ. ಶನಿವಾರ ಬರುತ್ತೇನೆ ಎಂದಳು. ಬೇಳೆಯ ಸೂಪು ಮಾಡಿ, ಅವಳ ಹಾಸಿಗೆಗೆ ಒಗೆದ ಹೊದಿಕೆ ಹಾಕಿದೆ.

ಬಂದಳು. ಮಡಚಿದ ಖಾಲಿ ಚೀಲವೊಂದು ಕಂಕುಳಲ್ಲಿತ್ತು. ಹಲಗೆ ಕಿರ್ರೆಂದಾಗ ಒಂದು ಕ್ಷಣ ನಿಂತು ಕಾಲ ಬುಡ ನೋಡಿ, ಒಳಗೆ ಹೋದಳು. ಬೀರುವಿನ ಬಾಗಿಲು ತೆರೆದ ಸದ್ದು ಕೇಳಿಸಿತು. ನಾನು ಸೂಪು ತಿರುವುತ್ತ ನಿಂತೆ. ಅಪ್ಪನ ಮನೆಯಿಂದ ಶಾಲೆ ಹತ್ತಿರ, ಪರೀಕ್ಷೆ ಮುಗಿಯುವ ತನಕ ಅಲ್ಲೇ ಇರುತ್ತೇನೆ ಎಂದು ಊಟದ ನಡುವೆ ಹೇಳಿದಳು. ಪರೀಕ್ಷೆ ಮೇ ತಿಂಗಳಲ್ಲಿ. ಆಯಿತು ಎಂದೆ.

ಹೊರಡುವಾಗ ಚಳಿಗಾಲದ ಕೋಟು, ಬೂಟು ತುಂಬಿದ ಚೀಲ ಹೆಗಲಿಗೇರಿಸಿ, ಬಾಗಿಲಲ್ಲಿ ತಿರುಗಿದಳು.

"ನನ್ನ ರೂಮಿನ ರೇಡಿಯೇಟರ್ ಆಫ್ ಮಾಡ್ಬೇಡಮ್ಮ."

ಮಾಡಿಲ್ಲ. ಕೆಲಸದಿಂದ ಬಂದು ಈಗಲೂ ಮೊದಲು ಮುಳ್ಳು ನೋಡುತ್ತೇನೆ. ಆಮೇಲೆ ಅವಳ ಕೋಣೆಗೆ ಹೋಗಿ ರೇಡಿಯೇಟರಿನ ಮೇಲೆ ಕೈಯಿಟ್ಟು ಬರುತ್ತೇನೆ. ಹೋಗುವಾಗೊಮ್ಮೆ, ಬರುವಾಗೊಮ್ಮೆ ಹಲಗೆ ಕಿರ್ರೆನ್ನುತ್ತದೆ.